ಒಬ್ಬ ಸೂಪರ್‌ನೋವಾ ವಿಜ್ಞಾನಿಯ ಪೇಪರ್ ಲೆಕ್ಕ: ಎಡಿಎಸ್ ಹುಡುಕಾಟದಿಂದ ಸಹಲೇಖಕರ ಜಾಲದವರೆಗೆ

ಸೂಪರ್‌ನೋವಾ (ನಕ್ಷತ್ರ ಸ್ಫೋಟ) ಅಧ್ಯಯನದಲ್ಲಿ ಹೆಸರಾದ ಒಬ್ಬ ಖಗೋಳವಿಜ್ಞಾನಿಯ ಸಂಶೋಧನೆ ಎಷ್ಟು ದೂರ ಮುಟ್ಟಿದೆ, ಯಾರ ಜೊತೆ ಸೇರಿ ನಡೆದಿದೆ ಎಂಬುದನ್ನು ಸಾರ್ವಜನಿಕ ದತ್ತಾಂಶದಿಂದ ಲೆಕ್ಕ ಹಾಕುವುದು ಇಲ್ಲಿನ ಕೆಲಸ. ಆರಿಸಿಕೊಂಡಿದ್ದು ಬೆಂಗಳೂರು ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ (ಐಐಎ) ವಿಜ್ಞಾನಿಯಾಗಿದ್ದ ಜಿ. ಸಿ. ಅನುಪಮಾ ಅವರನ್ನು. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕದ (ಎಚ್‌ಸಿಟಿ) ಸ್ಥಾಪನೆಯಲ್ಲಿ ಮುಂದಾಳಾಗಿದ್ದವರು, ಭಾರತೀಯ ಖಗೋಳ ಸಂಘದ ಮೊದಲ ಮಹಿಳಾ ಅಧ್ಯಕ್ಷೆ. ಇವರ ಲೆಕ್ಕ ಸರಿಯಾಗಿ ಬಂದರೆ ಬೇರೆ ಯಾವ ಭಾರತೀಯ ವಿಜ್ಞಾನಿಯ ಲೆಕ್ಕವೂ ಬರುತ್ತದೆ. ಇನಿಷಿಯಲ್, ಊರಿನ ಹೆಸರು, ಟೆಲಿಗ್ರಾಂ ಎಂಬ ಕಿರು ಪ್ರಕಟಣೆ, ದೂರದರ್ಶಕ ಹೀಗೆ ತೊಡಕು ಕೊಡುವ ಎಲ್ಲವೂ ಇಲ್ಲಿ ಒಟ್ಟಿಗೇ ಸಿಗುತ್ತವೆ.

ಉಲ್ಲೇಖಗಳ ಒಟ್ಟು ಸಂಖ್ಯೆ ದಿನಕ್ಕೊಂದು ಬಗೆ ಬದಲಾಗುವುದರಿಂದ ಅದನ್ನು ಇಲ್ಲಿ ಬರೆದಿಲ್ಲ. ಬರೆದಿರುವುದು ವಿಧಾನ, ಕೈಯಲ್ಲೇ ತಾಳೆ ನೋಡಬಹುದಾದ ಲೆಕ್ಕ, ಮತ್ತು ಎಲ್ಲೆಲ್ಲಿ ಎಡವಿದ್ದು ಎಂಬುದು.

ಹಂತ 1: ಸಾಮಾನು

8 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್. ಪೈಥಾನ್ 3, ಅದರಲ್ಲಿ ರಿಕ್ವೆಸ್ಟ್ಸ್, ಪಾಂಡಾಸ್, ನೆಟ್‌ವರ್ಕ್‌ಎಕ್ಸ್ ಎಂಬ ಲೈಬ್ರರಿಗಳು. ಚಿತ್ರ ಬಿಡಿಸಲು ಗೆಫಿ. ದತ್ತಾಂಶಕ್ಕೆ ಖಗೋಳ ಪೇಪರುಗಳ ಭಂಡಾರವಾದ ನಾಸಾದ ಆಸ್ಟ್ರೋಫಿಸಿಕ್ಸ್ ಡೇಟಾ ಸಿಸ್ಟಮ್ (ಎಡಿಎಸ್). ಅದರಲ್ಲಿ ಖಾತೆ ತೆರೆದರೆ ಸೆಟ್ಟಿಂಗ್ಸ್‌ನಲ್ಲಿ ಎಪಿಐ ಟೋಕನ್ (ಪ್ರೋಗ್ರಾಮ್ ಮೂಲಕ ದತ್ತಾಂಶ ಕೇಳಲು ಬೇಕಾದ ಗುರುತು) ಸಿಗುತ್ತದೆ, ದಿನಕ್ಕೆ 5,000 ಕೋರಿಕೆ ಕಳಿಸಬಹುದು. ಎಲ್ಲವೂ ಉಚಿತ, ಸಾಫ್ಟ್‌ವೇರ್ ಖರ್ಚು ₹0.

ಗೂಗಲ್ ಸ್ಕಾಲರ್, ಸ್ಕೋಪಸ್, ಓಪನ್‌ಅಲೆಕ್ಸ್ ಎಂಬ ಇತರ ಪೇಪರ್ ಭಂಡಾರಗಳನ್ನು ಬೆರೆಸಲಿಲ್ಲ. ಪ್ರತಿಯೊಂದರ ವ್ಯಾಪ್ತಿ ಬೇರೆ, ಎಚ್-ಇಂಡೆಕ್ಸ್ (ಕನಿಷ್ಠ ಎಚ್ ಉಲ್ಲೇಖ ಪಡೆದ ಎಚ್ ಪೇಪರುಗಳಿವೆ ಎನ್ನುವ ಅಳತೆ) ಬೇರೆ. ಒಂದರ ಉಲ್ಲೇಖ ಸಂಖ್ಯೆಯನ್ನು ಇನ್ನೊಂದರ ಪೇಪರ್ ಸಂಖ್ಯೆಯಿಂದ ಭಾಗಿಸಿ ಸರಾಸರಿ ತೆಗೆದ ಕೋಷ್ಟಕಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಅವುಗಳಿಗೆ ಅರ್ಥವಿಲ್ಲ.

ಹಂತ 2: ಮೊದಲ ಇಳಿಕೆ, ಮೊದಲ ಮೂರು ತಪ್ಪು

ಲೇಖಕರ ಹೆಸರು ಕೊಟ್ಟು ಕೋರಿಕೆ ಕಳಿಸಿದಾಗ ಬಂದದ್ದು ಬರೀ 10 ಪೇಪರ್. ಎಷ್ಟು ಸಾಲು ಬೇಕು ಎಂದು ಹೇಳದಿದ್ದರೆ ಎಪಿಐ ಕೊಡುವುದೇ 10. ಹೆಚ್ಚೆಂದರೆ 2,000 ಸಾಲು ಕೇಳಬಹುದು, ಅದಕ್ಕೂ ಮೇಲಿದ್ದರೆ ಆರಂಭದ ಸಂಖ್ಯೆ ಬದಲಿಸುತ್ತಾ ಪುಟ ತಿರುವಬೇಕು. ಉತ್ತರದಲ್ಲಿ ‘ಒಟ್ಟು ಸಿಕ್ಕಿದ್ದು’ ಎಂಬ ಸಂಖ್ಯೆ ಬೇರೆಯಾಗಿಯೇ ಬರುತ್ತದೆ. ಫೈಲಿನ ಸಾಲುಗಳನ್ನು ಅದರೊಂದಿಗೆ ತಾಳೆ ನೋಡಿ ಮುಂದೆ ಹೋಗಿ.

ಎರಡನೆಯದು ಬಿಬ್‌ಕೋಡ್. ಎಡಿಎಸ್‌ನಲ್ಲಿ ಪ್ರತಿ ಪೇಪರಿಗೂ 19 ಅಕ್ಷರಗಳ ಗುರುತು ಇರುತ್ತದೆ: 4 ವರ್ಷಕ್ಕೆ, 5 ಪತ್ರಿಕೆಗೆ, 4 ಸಂಪುಟಕ್ಕೆ, 1 ವಿಶೇಷ ಗುರುತಿಗೆ, 4 ಪುಟಕ್ಕೆ, ಕೊನೆಯದು ಮೊದಲ ಲೇಖಕರ ಹೆಸರಿನ ಮೊದಲಕ್ಷರ. ಯುರೋಪಿನ ‘ಆಸ್ಟ್ರಾನಮಿ ಅಂಡ್ ಆಸ್ಟ್ರೋಫಿಸಿಕ್ಸ್’ ಪತ್ರಿಕೆಯ ಸಂಕ್ಷೇಪದಲ್ಲಿ & ಚಿಹ್ನೆ ಇದೆ. ಬಿಬ್‌ಕೋಡನ್ನು ಹಾಗೆಯೇ ವೆಬ್ ವಿಳಾಸಕ್ಕೆ ಅಂಟಿಸಿದರೆ & ಬಂದಲ್ಲಿ ಕೋರಿಕೆ ತುಂಡಾಗುತ್ತದೆ, ಆ ಪತ್ರಿಕೆಯ ಪೇಪರುಗಳೆಲ್ಲ ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಆ ಚಿಹ್ನೆಯ ಜಾಗದಲ್ಲಿ %26 ಇರಬೇಕು. ಕೋರಿಕೆಯ ಭಾಗಗಳನ್ನು ರಿಕ್ವೆಸ್ಟ್ಸ್‌ಗೆ ಬೇರೆಬೇರೆಯಾಗಿ ಕೊಟ್ಟರೆ ಅದೇ ಸರಿಮಾಡಿಕೊಳ್ಳುತ್ತದೆ; ವಿಳಾಸವನ್ನು ಕೈಯಿಂದ ಪೋಣಿಸಲು ಹೋಗಬೇಡಿ.

ಮೂರನೆಯದು ಎಕ್ಸೆಲ್. ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದು ಉಳಿಸಿದ್ದಕ್ಕೆ ಆರ್‌ಕೈವ್ (ಪೇಪರುಗಳ ಮುಕ್ತ ಭಂಡಾರ) ಸಂಖ್ಯೆಗಳ ಕೊನೆಯ ಸೊನ್ನೆ ಹಾರಿಹೋಯಿತು: 1305.0010 ಇದ್ದದ್ದು 1305.001 ಆಯಿತು. ಹೆಸರುಗಳ ಮೇಲಿನ ಯುರೋಪಿಯನ್ ಒತ್ತು ಗುರುತುಗಳೂ ಕೆಟ್ಟವು. ಮೂಲ ಫೈಲನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿ, ಎಕ್ಸೆಲ್‌ಗೆ ನಕಲನ್ನಷ್ಟೇ ಕೊಡಿ.

ಹಂತ 3: ಹೆಸರು

ಇಡೀ ಕೆಲಸದ ಮುಕ್ಕಾಲು ಪಾಲು ಇದೇ. ಯಾವ ಸೂಚ್ಯಂಕವನ್ನು ಲೆಕ್ಕ ಹಾಕಿದರೂ ಅದು ನಿಲ್ಲುವುದು ಈ ಹಂತದ ಮೇಲೆ.

ಎಡಿಎಸ್‌ಗೆ ‘ಮನೆತನದ ಹೆಸರು, ಇನಿಷಿಯಲ್’ ಎಂಬ ಕ್ರಮ ಬೇಕು. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಊರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ಕೂತಿರುತ್ತವೆ. ಹಾಗಾಗಿ ‘ಅನುಪಮಾ’ ಎಂಬ ಸ್ವಂತ ಹೆಸರೇ ಮನೆತನದ ಜಾಗಕ್ಕೆ ಹೋಗಿದೆ. ಇಂಥ ಹೆಸರನ್ನು ಮೂರು ರೀತಿಯಲ್ಲಿ ಹುಡುಕಬೇಕು: ಎರಡೂ ಇನಿಷಿಯಲ್ ಇರುವುದು, ಒಂದೇ ಇರುವುದು, ಮತ್ತು ತಿರುವುಮುರುವಾಗಿ ಇನಿಷಿಯಲ್ಲೇ ಮನೆತನದ ಜಾಗದಲ್ಲಿ ಕೂತಿರುವುದು. ಸಾಮಾನ್ಯ ಹುಡುಕಾಟ ಸಡಿಲವಾದದ್ದು, ‘ಅನುಪಮಾ, ಜಿ.’ ಎಂದಿರುವುದನ್ನೂ ಎಳೆದು ತರುತ್ತದೆ. ಮುಂದೆ = ಚಿಹ್ನೆ ಹಾಕಿದರೆ ಬರೆದದ್ದಷ್ಟೇ ಬರುತ್ತದೆ. ಮೊದಲು ಸಡಿಲ, ಆಮೇಲೆ ಬಿಗಿ. ಎರಡರ ನಡುವೆ ಉಳಿದ ಪೇಪರುಗಳನ್ನು ಒಂದೊಂದಾಗಿ ತೆರೆದು ವಿಳಾಸ ನೋಡಿ.

ಆರ್ಕಿಡ್ (ಪ್ರತಿ ಸಂಶೋಧಕರಿಗೂ ಬೇರೆಬೇರೆ ಕೊಡುವ ಗುರುತು) ಸಂಖ್ಯೆಯಿಂದ ಹುಡುಕಿದರೆ ಸುಲಭ ಅನ್ನಿಸಬಹುದು. ಆದರೆ ಆರ್ಕಿಡ್ ಶುರುವಾದದ್ದೇ 2012ರಲ್ಲಿ. ಅದಕ್ಕೂ ಹಿಂದಿನ ಪೇಪರು ಲೇಖಕರೇ ಬಂದು ‘ಇದು ನನ್ನದು’ ಎಂದು ಸೇರಿಸಿದರೆ ಮಾತ್ರ ಸಿಗುತ್ತದೆ. 1990ರ ದಶಕದಿಂದ ಬರೆಯುತ್ತಿರುವವರ ಲೆಕ್ಕವನ್ನು ಆರ್ಕಿಡ್ ಒಂದರ ಮೇಲೇ ನಿಲ್ಲಿಸಿದರೆ ಮುಖ್ಯವಾದ ಅರ್ಧವೇ ಕಳೆದುಹೋಗಬಹುದು.

ಸಹಲೇಖಕರ ಹೆಸರುಗಳದು ಇನ್ನೂ ಕಷ್ಟ. ಇಲ್ಲಿ ಕೈಗೆ ಸಿಕ್ಕ ಮೂರು ಜೋಡಿ:

‘ಮಾಏದ, ಕೆ.’ ಇಬ್ಬರಿದ್ದಾರೆ. ಕೆಯಿಚಿ ಮಾಏದ ಕ್ಯೋತೋದ ಸೂಪರ್‌ನೋವಾ ತಜ್ಞರು. ಅದೇ ಉಚ್ಚಾರಣೆಯ ಇನ್ನೊಬ್ಬರು ವಾಸೆದಾ ವಿಶ್ವವಿದ್ಯಾಲಯದ ಗುರುತ್ವ ಸಿದ್ಧಾಂತಿ. ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ಅಡ್ಡಗೆರೆ ಇರುವುದು, ಇಲ್ಲದಿರುವುದು ಅಷ್ಟೇ ವ್ಯತ್ಯಾಸ. ಇನಿಷಿಯಲ್ಲಿಗೆ ಇಳಿಸಿದರೆ ಅದೂ ಇಲ್ಲ.

‘ತನಾಕ, ಎಂ.’ ಕೂಡ ಹಾಗೆಯೇ. ಮಸಾಓಮಿ ತನಾಕ ಸೂಪರ್‌ನೋವಾದವರು, ಮಸಾಯುಕಿ ತನಾಕ ಗೆಲಾಕ್ಸಿಯವರು. ಇಬ್ಬರೂ ಜಪಾನಿನವರೇ ಆದ್ದರಿಂದ ದೇಶ ನೋಡಿ ಬೇರ್ಪಡಿಸಲು ಆಗದು.

‘ಜೋಸ್, ಜೆ.’ ಅತಿ ಅಪಾಯದ ಜೋಡಿ. ಐಐಎ ಪೇಪರಿನ ಸಹಲೇಖಕರ ಇನಿಷಿಯಲ್ಲೂ, ಬಾರ್ಸಿಲೋನಾದಲ್ಲಿ ನೋವಾ ಸ್ಫೋಟಗಳ ಸಿದ್ಧಾಂತ ಮಾಡುವ ಜೋರ್ಡಿ ಜೊಸೆ ಅವರ ಇನಿಷಿಯಲ್ಲೂ ಒಂದೇ. ಒತ್ತು ಗುರುತು ಇದ್ದರೂ ಇಲ್ಲದಿದ್ದರೂ ಹುಡುಕಾಟ ಎರಡನ್ನೂ ಕೂಡಿಸುತ್ತದೆ. ಅನುಪಮಾ ಅವರು ನೋವಾಗಳ ಬಗ್ಗೆಯೂ ಬರೆದವರಾದ್ದರಿಂದ ವಿಷಯ ನೋಡಿ ಬೇರ್ಪಡಿಸುವ ದಾರಿಯೂ ಮುಚ್ಚಿಹೋಗುತ್ತದೆ. ಗುರುತಿಸದೆ ಬಿಟ್ಟರೆ ಬೆಂಗಳೂರಿಗೂ ಬಾರ್ಸಿಲೋನಾಕ್ಕೂ ಇಲ್ಲದ ಒಂದು ಕೊಂಡಿ ಜಾಲದಲ್ಲಿ ಹುಟ್ಟುತ್ತದೆ.

ಪರಿಹಾರಕ್ಕೆ ಯಾವ ಜಾಣ ಅಲ್ಗಾರಿದಮ್ಮೂ ಬೇಕಾಗಲಿಲ್ಲ. ಎರಡು ಕಾಲಮ್ಮಿನ ಒಂದು ಪಟ್ಟಿ: ಎಡಕ್ಕೆ ಎಡಿಎಸ್‌ನಲ್ಲಿ ಬಂದ ಹೆಸರು ಮತ್ತು ಬಿಬ್‌ಕೋಡ್, ಬಲಕ್ಕೆ ನಾವು ಕೊಟ್ಟ ವ್ಯಕ್ತಿ ಗುರುತು. ಮೂರಕ್ಕಿಂತ ಹೆಚ್ಚು ಪೇಪರಿನಲ್ಲಿ ಕಾಣಿಸುವ ಎಲ್ಲ ಹೆಸರನ್ನೂ ಪೇಪರಿನ ವಿಳಾಸ ನೋಡಿ ಕೈಯಿಂದಲೇ ತುಂಬಬೇಕು. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಮಾಡಿದ ಜಾಲವನ್ನು ನಂಬಲು ಆಗದು.

ಹಂತ 4: ಊರು, ಸಂಸ್ಥೆ

ಸಂಸ್ಥೆಗಳ ನಕ್ಷೆಯಲ್ಲಿ ಐಐಎ ಎರಡು ಚುಕ್ಕೆಯಾಗಿ ಬಂತು. ಕಾರಣ, 2014ರ ನವೆಂಬರ್ 1ರಂದು ಬ್ಯಾಂಗಲೋರ್ ಅಧಿಕೃತವಾಗಿ ಬೆಂಗಳೂರಾಯಿತು. ಹಳೆಯ ಪೇಪರುಗಳಲ್ಲಿ ಒಂದು, ಹೊಸವುಗಳಲ್ಲಿ ಇನ್ನೊಂದು. ಹೆಸರನ್ನು ನಂಬದೆ 560034 ಎಂಬ ಪಿನ್‌ಕೋಡನ್ನೂ ಸಂಸ್ಥೆಯ ಹೆಸರನ್ನೂ ಸೇರಿಸಿ ನೋಡಿದಾಗ ಎರಡೂ ಒಂದಾದವು. ಒಬ್ಬರಿಗೇ ಎರಡು ಮೂರು ವಿಳಾಸ ಇದ್ದರೆ ಎಡಿಎಸ್ ಅವನ್ನು ಅರ್ಧವಿರಾಮದಿಂದ ಬೇರ್ಪಡಿಸುತ್ತದೆ. ಪೇಪರುಗಳಲ್ಲಿ ಇಟಲಿ, ಜರ್ಮನಿ ಎರಡೂ ಕಡೆಯ ವಿಳಾಸ ಕೊಟ್ಟಿರುವ ಪಾವೊಲೊ ಮಜ್ಜಾಲಿ ಅವರಂಥವರು ಎರಡು ದೇಶಕ್ಕೂ ಪೂರ್ತಿ ಒಂದೊಂದು ಅಂಕ ತಂದುಕೊಟ್ಟರೆ ದೇಶಗಳ ಮೊತ್ತ ಲೇಖಕರ ಮೊತ್ತವನ್ನು ಮೀರುತ್ತದೆ. ಅರ್ಧರ್ಧ ಹಂಚಿ.

ಹಂತ 5: ನಾಲ್ಕು ಪೇಪರಿನ ಪರೀಕ್ಷಾ ಕಟ್ಟೆ

ಇಡೀ ಪಟ್ಟಿಗೆ ಪ್ರೋಗ್ರಾಮ್ ಓಡಿಸುವ ಮೊದಲು, ಕಾಗದದ ಮೇಲೆ ಲೆಕ್ಕ ಹಾಕಬಹುದಾದ ನಾಲ್ಕು ಪೇಪರ್ ಆರಿಸಿಕೊಂಡೆ. ಇದೊಂದು ಹೆಜ್ಜೆ ಉಳಿದೆಲ್ಲ ತಪ್ಪುಗಳನ್ನು ಹಿಡಿದುಕೊಟ್ಟಿತು.

ಎಸ್‌ಎನ್ (ಸೂಪರ್‌ನೋವಾ) 2003ಡಿಯು, 2005ರ ಪೇಪರ್: ಅನುಪಮಾ, ಸಾಹು, ಜೋಸ್. 3 ಲೇಖಕರು.
ಎಸ್‌ಎನ್ 2004ಇಟಿ, 2006: ಸಾಹು, ಅನುಪಮಾ, ಇನ್ನಿಬ್ಬರು. 4 ಲೇಖಕರು.
ಎಸ್‌ಎನ್ 2005ಬಿಎಫ್, 2005: ಅನುಪಮಾ, ಸಾಹು, ಡೆಂಗ್, ನೊಮೊತೊ, ತೊಮಿನಾಗ, ತನಾಕ, ಮಜ್ಜಾಲಿ, ಪ್ರಭು. 8 ಲೇಖಕರು.
ಎಸ್‌ಎನ್ 2005ಎಚ್‌ಕೆ, 2008: ಸಾಹು, ತನಾಕ, ಅನುಪಮಾ, ಕವಾಬಾತ, ಮಾಏದ, ತೊಮಿನಾಗ, ನೊಮೊತೊ, ಮಜ್ಜಾಲಿ, ಪ್ರಭು. 9 ಲೇಖಕರು.

ಜಾಲದಲ್ಲಿ 13 ಜನ ಬರಬೇಕು. ಪೇಪರಿನೊಳಗಿನ ಜೋಡಿಗಳು 3 + 6 + 28 + 36 = 73. ಅನುಪಮಾ–ಸಾಹು ಜೋಡಿ ನಾಲ್ಕೂ ಪೇಪರಿನಲ್ಲಿದೆ, ಅದರಿಂದ 3 ಕಳೆಯಿರಿ. 2005ಬಿಎಫ್ ಮತ್ತು 2005ಎಚ್‌ಕೆ ಎರಡರಲ್ಲೂ ಇರುವವರು 7 ಜನ. ಅವರೊಳಗಿನ ಉಳಿದ 20 ಜೋಡಿ ಎರಡೆರಡು ಸಲ ಬಂದಿವೆ, 20 ಕಳೆಯಿರಿ. ಉಳಿಯುವ ಕೊಂಡಿ 50. ನೆಟ್‌ವರ್ಕ್‌ಎಕ್ಸ್ 13 ಮತ್ತು 50 ಹೇಳಬೇಕು. ಮೊದಲ ಸಲ 14 ಹೇಳಿತು: ಒಬ್ಬರ ಇನಿಷಿಯಲ್ಲಿನ ನಡುವೆ ಖಾಲಿ ಜಾಗ ಇದ್ದದ್ದು ಒಂದು ಕಡೆ, ಇಲ್ಲದ್ದು ಇನ್ನೊಂದು ಕಡೆ. ಇಡೀ ಪಟ್ಟಿಯಲ್ಲಾಗಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ಇನ್ನು ಕೊಂಡಿಯ ತೂಕ. 3 ಜನರ ಪೇಪರಿನಲ್ಲಿ ಜೊತೆಯಾದದ್ದಕ್ಕೂ 300 ಜನರ ಪೇಪರಿನಲ್ಲಿ ಜೊತೆಯಾದದ್ದಕ್ಕೂ ಒಂದೇ ಬೆಲೆ ಕೊಡಬಾರದು. ಪೇಪರಿನಲ್ಲಿ ‘ನ’ ಲೇಖಕರಿದ್ದರೆ ಪ್ರತಿ ಜೋಡಿಗೂ 1/(ನ–1) ತೂಕ. ಅನುಪಮಾ ಅವರ ಕಡೆಯಿಂದ ನೋಡಿದರೆ:

ಸಾಹು: 1/2 + 1/3 + 1/7 + 1/8 = 1.101
ಜೋಸ್: 0.5
2004ಇಟಿ ಪೇಪರಿನ ಇನ್ನಿಬ್ಬರು: ತಲಾ 0.333
ಪ್ರಭು, ನೊಮೊತೊ, ತೊಮಿನಾಗ, ತನಾಕ, ಮಜ್ಜಾಲಿ: ತಲಾ 1/7 + 1/8 = 0.268
ಡೆಂಗ್: 0.143
ಕವಾಬಾತ, ಮಾಏದ: ತಲಾ 0.125

ಎಲ್ಲ ಕೂಡಿಸಿದರೆ ಸರಿಯಾಗಿ 4, ಅಂದರೆ ಪೇಪರುಗಳ ಸಂಖ್ಯೆ. ಒಬ್ಬರೇ ಬರೆದ ಪೇಪರುಗಳನ್ನು ಬಿಟ್ಟು, ಯಾರ ತೂಕ ಕೂಡಿಸಿದರೂ ಅವರ ಪೇಪರುಗಳ ಸಂಖ್ಯೆಯೇ ಬರಬೇಕು. ಇಡೀ ಜಾಲದ ತೂಕ ಲೇಖಕರ ಸಂಖ್ಯೆಗಳ ಅರ್ಧ: (3 + 4 + 8 + 9)/2 = 12. ಈ ಎರಡು ತಾಳೆಗಳನ್ನು ಪ್ರೋಗ್ರಾಮಿನ ಕೊನೆಗೆ ಕಾಯಂ ಸೇರಿಸಿಟ್ಟೆ. ತಪ್ಪಿದರೆ ಅದು ಅಲ್ಲಿಗೇ ನಿಲ್ಲುತ್ತದೆ.

ತೂಕ ಹಾಕಿದ ಮೇಲೆ ಚಿತ್ರ ಮಾತಾಡುತ್ತದೆ. ಸಾಹು ಅವರೊಂದಿಗಿನ ಕೊಂಡಿ ಮಿಕ್ಕ ಎಲ್ಲಕ್ಕಿಂತ ಎರಡು ಪಟ್ಟು ಮೀರಿದೆ. ಇದು ಒಂದೇ ಸಂಸ್ಥೆ, ಒಂದೇ ದೂರದರ್ಶಕ, ಒಂದೇ ದತ್ತಾಂಶದ ಮೇಲೆ ಕೂತು ಮಾಡಿದ ಕೆಲಸ. ನೊಮೊತೊ ಅವರ ತೋಕಿಯೊ ಗುಂಪು ಬರುವುದು ವಿಚಿತ್ರ ಸೂಪರ್‌ನೋವಾಗಳ ಪೇಪರಿನಲ್ಲಿ: ಬೆಳಕಿನ ಏರಿಳಿತವೂ ರೋಹಿತವೂ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕು) ಹಾನ್ಲೆಯಿಂದ, ಸ್ಫೋಟದ ಮಾದರಿ ನೊಮೊತೊ ಅವರ ಕಡೆಯಿಂದ. ಬರೀ ಎಣಿಕೆಯಲ್ಲಿ ಇದು ಕಾಣುವುದಿಲ್ಲ. ಹಾಗಾಗಿ ಪ್ರತಿ ಕೊಂಡಿಗೂ ‘ವೀಕ್ಷಣೆ’, ‘ಮಾದರಿ’ ಎಂದು ಒಂದು ಗುರುತು ಸೇರಿಸಿದೆ. ನನ್ನ ಮಟ್ಟಿಗೆ ಸಹಯೋಗವನ್ನು ಅಳೆಯುವುದು ಎಂದರೆ ಇದೇ.

ಹಂತ 6: ಲ್ಯಾಪ್‌ಟಾಪ್ ನಿಂತುಹೋದದ್ದು

ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿ ಜಿಡಬ್ಲ್ಯು170817 ಬಗ್ಗೆ 2017ರಲ್ಲಿ ಬಂದ ಬಹುಸಂದೇಶ (ಗುರುತ್ವ ಅಲೆ, ಬೆಳಕು ಎರಡೂ ಸೇರಿದ) ಪೇಪರಿನ ಲೇಖಕರು 3,500ಕ್ಕೂ ಹೆಚ್ಚು. ಅಂಥದ್ದೊಂದು ಪೇಪರ್ ಪಟ್ಟಿಗೆ ಸೇರಿದರೂ ಸಾಕು, 3,500 × 3,499 / 2 = 61,23,250 ಜೋಡಿ. ನೆಟ್‌ವರ್ಕ್‌ಎಕ್ಸ್ ಪ್ರತಿ ಕೊಂಡಿಗೂ ಬೇರೆ ಡಿಕ್ಷನರಿ ಇಡುವುದರಿಂದ 8 ಜಿಬಿಯ ಲ್ಯಾಪ್‌ಟಾಪಿಗೆ ಅದು ಭಾರ. ಮಧ್ಯಸ್ಥಿಕೆಯ ಸೂಚ್ಯಂಕ (ಇತರರ ನಡುವಿನ ದಾರಿಯಲ್ಲಿ ಒಬ್ಬರು ಎಷ್ಟು ಸಲ ಬರುತ್ತಾರೆ ಎಂಬುದು) ಕೇಳಿದರಂತೂ ಮುಗಿಯುವ ಮಾತೇ ಇಲ್ಲ. ಗೆಫಿಯಲ್ಲಿ ಇಡೀ ಚಿತ್ರ ಒಂದು ಕಪ್ಪು ಮುದ್ದೆಯಾಗುತ್ತದೆ.

ಮೊದಲು ಮಾಡಿದ ತಪ್ಪು ಪರಿಹಾರ: ದೊಡ್ಡ ಪೇಪರುಗಳನ್ನು ಅಳಿಸಿದ್ದು. ಹಾಗೆ ಮಾಡಿದರೆ ಹಾನ್ಲೆಯ 70 ಸೆಂ.ಮೀ. ಗ್ರೋತ್-ಇಂಡಿಯಾ ದೂರದರ್ಶಕ ಸೇರಿರುವಂಥ ಜಾಗತಿಕ ಜಾಲಗಳ ಪೇಪರುಗಳಿಗೂ ಕತ್ತರಿ ಬೀಳುತ್ತದೆ, ಕಳೆದ ದಶಕದ ಸಹಯೋಗವೇ ಮಾಯವಾಗುತ್ತದೆ. ಈಗ ಇಟ್ಟುಕೊಂಡಿರುವ ಕ್ರಮ: 50 ಲೇಖಕರವರೆಗೆ ಪೂರ್ತಿ ಜಾಲ. ಅದಕ್ಕೂ ಮೇಲಿದ್ದರೆ ಕೇಂದ್ರದಲ್ಲಿರುವ ವಿಜ್ಞಾನಿಯಿಂದ ಸಂಸ್ಥೆಗಳಿಗೆ ಮಾತ್ರ ಕೊಂಡಿ, ಸಹಲೇಖಕರ ನಡುವೆ ಇಲ್ಲ. 50 ಎಂಬುದು ನಾನೇ ಎಳೆದ ಗೆರೆ. 30, 100 ಇಟ್ಟೂ ಓಡಿಸಿ, ಮೊದಲ ಹತ್ತು ಸಹಲೇಖಕರು ಬದಲಾಗುತ್ತಾರೆಯೇ ನೋಡಿ. ಬದಲಾದರೆ ಆ ಕ್ರಮಾಂಕವನ್ನು ಪ್ರಕಟಿಸಬೇಡಿ.

ಇನ್ನೊಂದು ಎಚ್ಚರ: ಲೇಖಕರ ಪಟ್ಟಿಯನ್ನು ಬಿಬ್‌ಟೆಕ್ಸ್ ರೂಪದಲ್ಲಿ ಇಳಿಸಿಕೊಂಡರೆ ತೀರಾ ಉದ್ದದ ಪಟ್ಟಿಗಳು ಮೊಟಕಾಗಿ ‘ಇತರರು’ ಎಂದು ಕೊನೆಯಾಗುತ್ತವೆ. ಎಪಿಐನ ಲೇಖಕ ಫೀಲ್ಡ್ ಬಳಸಿ.

ಹಂತ 7: ಉಲ್ಲೇಖಗಳು

ಇಲ್ಲಿ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಡಿಎಸ್‌ನ ಮೆಟ್ರಿಕ್ಸ್ ಭಾಗಕ್ಕೆ ಶುದ್ಧ ಮಾಡಿದ ಬಿಬ್‌ಕೋಡುಗಳನ್ನು ಕೊಟ್ಟರೆ ಎಚ್, ಜಿ, ಐ10, ಟೋರಿ ಎಂಬ ಸೂಚ್ಯಂಕಗಳೆಲ್ಲವೂ ಬರುತ್ತವೆ. ಮೂರು ಕಡೆ ಎಡವಬಹುದು.

ಉಲ್ಲೇಖಿಸಿದ ಪೇಪರುಗಳ ಸಂಖ್ಯೆ ಬೇರೆ, ಉಲ್ಲೇಖಗಳ ಸಂಖ್ಯೆ ಬೇರೆ. ಯಾರೋ ಒಬ್ಬರು ಮೇಲಿನ ನಾಲ್ಕೂ ಪೇಪರುಗಳನ್ನು ಒಂದೇ ಕಡೆ ಉಲ್ಲೇಖಿಸಿದರೆ ಮೊದಲನೆಯದರಲ್ಲಿ 1, ಎರಡನೆಯದರಲ್ಲಿ 4. ಹುಡುಕಾಟದಿಂದ ಬರುವುದು ಮೊದಲನೆಯದು, ಪೇಪರುಗಳ ಸಂಖ್ಯೆಗಳನ್ನು ಕೂಡಿಸಿದಾಗ ಬರುವುದು ಎರಡನೆಯದು.

ಸ್ವ-ಉಲ್ಲೇಖ ಕಳೆಯುವಾಗ ಯಾವ ಅರ್ಥದಲ್ಲಿ ಎಂದು ಬರೆದಿಡಿ. ಉಲ್ಲೇಖಿಸಿದ ಪೇಪರಿನಲ್ಲಿ ಅದೇ ವಿಜ್ಞಾನಿ ಇದ್ದರೆ ಮಾತ್ರ ಕಳೆಯುವುದು ಒಂದು. ಯಾವ ಸಹಲೇಖಕರಿದ್ದರೂ ಕಳೆಯುವುದು ಇನ್ನೊಂದು. ಸಾವಿರ ಜನರ ಪೇಪರಿದ್ದರೆ ಎರಡನೆಯದು ಹೆಚ್ಚುಕಡಿಮೆ ಇಡೀ ಕ್ಷೇತ್ರವನ್ನೇ ಕಳೆದುಬಿಡುತ್ತದೆ. ಇಲ್ಲಿ ಮೊದಲನೆಯದನ್ನೇ ಬಳಸಿದೆ.

ಲೇಖಕರ ಸಂಖ್ಯೆಯಿಂದ ಭಾಗಿಸಿದ ಲೆಕ್ಕವನ್ನೂ ಪಕ್ಕದಲ್ಲಿಡಿ. ನಾಲ್ಕು ಪೇಪರಿನಲ್ಲಿ ಅನುಪಮಾ ಅವರ ಪಾಲು 1/3 + 1/4 + 1/8 + 1/9 = 0.82 ಪೇಪರ್. ನಾಲ್ಕು ಎನ್ನುವುದೂ ನಿಜ, 0.82 ಎನ್ನುವುದೂ ನಿಜ. ಒಂದನ್ನೇ ತೋರಿಸುವುದು ತಪ್ಪು. ಮೊದಲ ಲೇಖಕರಾಗಿ ಎಷ್ಟು ಎಂಬ ಎಣಿಕೆಯನ್ನು ಮಾತ್ರ ಕೈಬಿಟ್ಟೆ. ವಿದ್ಯಾರ್ಥಿಯನ್ನು ಮುಂದೆ ಬಿಟ್ಟು ಮಾರ್ಗದರ್ಶಕರು ಹಿಂದೆ ನಿಲ್ಲುವ, ದೊಡ್ಡ ತಂಡಗಳಲ್ಲಿ ಅಕಾರಾದಿ ಬರೆಯುವ ಕ್ಷೇತ್ರ ಇದು.

ಹಂತ 8: ಪೇಪರಲ್ಲದ ಕೆಲಸ

ಸೂಪರ್‌ನೋವಾ ಕಂಡ ರಾತ್ರಿಯೇ ಅದರ ರೋಹಿತ ತೆಗೆದು ‘ಇದು ಒಂದು-ಎ ಬಗೆ’ ಎಂದು ಜಗತ್ತಿಗೆ ತಿಳಿಸುವುದು ಈ ಕ್ಷೇತ್ರದ ಬೆನ್ನೆಲುಬು. ಅದು ಹೋಗುವುದು ಟೆಲಿಗ್ರಾಂ, ಸರ್ಕ್ಯುಲರ್‌ಗಳಿಗೆ: ಆಸ್ಟ್ರಾನಮರ್ಸ್ ಟೆಲಿಗ್ರಾಂ, ಸೆಂಟ್ರಲ್ ಬ್ಯೂರೋದ ಟೆಲಿಗ್ರಾಂಗಳು, 2016ರಿಂದ ಟ್ರಾನ್ಸಿಯೆಂಟ್ ನೇಮ್ ಸರ್ವರ್. ‘ರೆಫರೀಡ್ ಮಾತ್ರ’ (ತಜ್ಞರು ಪರಿಶೀಲಿಸಿದ್ದು ಮಾತ್ರ) ಎಂಬ ಗುಂಡಿ ಒತ್ತಿದೊಡನೆ ಇವೆಲ್ಲ ಸೊನ್ನೆ. ಗುಂಡಿ ಒತ್ತದಿದ್ದರೆ ಒಂದು ಪುಟದ ಟೆಲಿಗ್ರಾಂ, ನಾನೂರು ದಿನ ಹಿಂಬಾಲಿಸಿ ಬರೆದ ಪೇಪರ್ ಎರಡೂ ಒಂದೊಂದೇ. ಎರಡು ಪ್ರತ್ಯೇಕ ಕಾಲಮ್ ಮಾಡಿದೆ, ಕೂಡಿಸಲಿಲ್ಲ.

ಟೆಲಿಗ್ರಾಂನಿಂದ ಪೇಪರಿಗೆ ಕೊಂಡಿ ಹಾಕಲು ಸೂಪರ್‌ನೋವಾದ ಹೆಸರು ಹಿಡಿಯಬೇಕು. ವರ್ಷ, ಆಮೇಲೆ ಅಕ್ಷರ: ಮೊದಲ 26ಕ್ಕೆ ಒಂದು ದೊಡ್ಡಕ್ಷರ, ಮುಂದಿನ 676ಕ್ಕೆ ಎರಡು ಚಿಕ್ಕಕ್ಷರ, 702 ದಾಟಿದರೆ ಮೂರು. ಹುಡುಕುವ ಪ್ಯಾಟರ್ನಿನಲ್ಲಿ ವರ್ಷಕ್ಕೂ ಅಕ್ಷರಕ್ಕೂ ನಡುವೆ ಖಾಲಿ ಜಾಗ ಇರಬಹುದು ಎಂದು ಬಿಟ್ಟದ್ದೇ ತಪ್ಪಾಯಿತು. ಇಂಗ್ಲಿಷ್ ವಾಕ್ಯದಲ್ಲಿ ವರ್ಷದ ಮುಂದೆ ‘ಅಂಡ್’ ಬಂದಲ್ಲೆಲ್ಲ ಮೂರಕ್ಷರದ ಹೊಸ ಸೂಪರ್‌ನೋವಾ ಹುಟ್ಟಿಕೊಂಡಿತು. ಖಾಲಿ ಜಾಗ ‘ಎಸ್‌ಎನ್’ ಮತ್ತು ವರ್ಷದ ನಡುವೆ ಮಾತ್ರ. ಹೆಸರಿನ ಕೊನೆಗೆ ಪದದ ಗಡಿ ಕಡ್ಡಾಯ, ಇಲ್ಲದಿದ್ದರೆ 2005ಬಿಎಫ್ ಅರ್ಧಕ್ಕೆ ತುಂಡಾಗಿ 2005ಬಿ ಆಗುತ್ತದೆ.

ದೂರದರ್ಶಕದ ಪ್ರಭಾವಕ್ಕೆ ಬೇರೆ ಹುಡುಕಾಟ ಬೇಕು. ‘ಹಾನ್ಲೆ’ ಎಂದು ಕೊಟ್ಟರೆ ಸೂರ್ಯನ ಕಾಂತಕ್ಷೇತ್ರ ಅಳೆಯುವ ಹಾನ್ಲೆ ಪರಿಣಾಮದ ಪೇಪರುಗಳು ಸಾಲುಗಟ್ಟಿ ಬರುತ್ತವೆ. ಅದು ಜರ್ಮನಿಯ ವಿಜ್ಞಾನಿ ವಿಲ್‌ಹೆಲ್ಮ್ ಹಾನ್ಲೆಯ ಹೆಸರು, ಲಡಾಖಿನ ಊರಿಗೂ ಅದಕ್ಕೂ ಸಂಬಂಧವಿಲ್ಲ. ಇಂಗ್ಲಿಷ್ ಅಕ್ಷರಗಳು ಮಾತ್ರ ಒಂದೇ. ಐಐಎ ವಿಳಾಸ ಸೇರಿಸಿ ಸೋಸಲು ಹೋದರೆ ಅದೂ ಕೈಕೊಡುತ್ತದೆ, ಏಕೆಂದರೆ ಆ ಪರಿಣಾಮದ ಮೇಲೆ ಐಐಎಯಲ್ಲೇ ಕೆಲಸ ನಡೆದಿದೆ. ಸರಿಹೋದದ್ದು ಕೃತಜ್ಞತೆಯ ಭಾಗದಲ್ಲಿ ಮಾತ್ರ ಹುಡುಕಿದಾಗ. ಎಚ್‌ಸಿಟಿಯನ್ನು ನಡೆಸುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯ ಕ್ರೆಸ್ಟ್ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಅದನ್ನು ಬಳಸಿದವರು ಹಾನ್ಲೆ ಮತ್ತು ಹೊಸಕೋಟೆಯ ಸಿಬ್ಬಂದಿ ಇಬ್ಬರಿಗೂ ವಂದನೆ ಬರೆಯುವುದು ವಾಡಿಕೆ. ಎರಡೂ ಊರಿನ ಹೆಸರು ಒಟ್ಟಿಗೆ ಇರಲಿ ಎಂದು ಕೇಳಿದರೆ ಸೂರ್ಯನ ಪೇಪರುಗಳು ಉದುರಿಹೋಗುತ್ತವೆ. ಹೊಸಕೋಟೆಯನ್ನು ಇಂಗ್ಲಿಷಿನಲ್ಲಿ ನಡುವಿನ ‘ಎ’ ಬಿಟ್ಟೂ ಬರೆಯುತ್ತಾರೆ, ಎರಡೂ ಕಾಗುಣಿತ ಕೊಡಿ.

ಹೀಗೆ ಸಿಕ್ಕ ಪೇಪರುಗಳಲ್ಲಿ ಅನುಪಮಾ ಅವರು ಲೇಖಕರಲ್ಲದವನ್ನು ಬೇರೆ ಫೈಲಿನಲ್ಲಿಟ್ಟೆ. ಅವರ ಎಚ್-ಇಂಡೆಕ್ಸ್‌ಗೆ ಇವುಗಳಿಂದ ಒಂದು ಅಂಕವೂ ಸೇರುವುದಿಲ್ಲ. ಆದರೆ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿ ಆ ದೂರದರ್ಶಕ ನಿಲ್ಲದಿದ್ದರೆ ಇವು ಈ ರೂಪದಲ್ಲಿ ಬರುತ್ತಲೇ ಇರಲಿಲ್ಲ.

ಬಾಕಿ ಇರುವುದು

ಮಾರ್ಗದರ್ಶನ ಮಾಡಿದ ಪಿಎಚ್‌ಡಿ ಪ್ರಬಂಧಗಳ ಕಾಲಮ್ ಖಾಲಿ ಇದೆ, ಅದನ್ನು ಸಂಸ್ಥೆಯ ಭಂಡಾರದಿಂದ ಕೈಯಾರೆ ತುಂಬಬೇಕು. ಕೃತಜ್ಞತೆಯ ಭಾಗವನ್ನು ಎಡಿಎಸ್ ಹುಡುಕುವುದು ಪೂರ್ಣಪಠ್ಯ ಇರುವ ಪೇಪರುಗಳಲ್ಲಿ ಮಾತ್ರವಾದ್ದರಿಂದ, ಎಚ್‌ಸಿಟಿ ಮೊದಲ ಬೆಳಕು ಕಂಡ 2000ದ ನಂತರದ ಪೇಪರುಗಳಲ್ಲಿ ಪಠ್ಯ ಇಲ್ಲದವನ್ನು ಪಟ್ಟಿ ಮಾಡಿ ಪಿಡಿಎಫ್ ತೆರೆದು ನೋಡಬೇಕಿದೆ. ಪ್ರತಿ ಫೈಲಿನ ಹೆಸರಿನಲ್ಲೂ ಇಳಿಸಿದ ದಿನಾಂಕ ಇದೆ; ಮುಂದಿನ ಸಲ ಓಡಿಸುವಾಗ ಹಳೆಯದರ ಮೇಲೆ ಬರೆಯದೆ ಪಕ್ಕದಲ್ಲಿಡಬೇಕು.